ಎಪ್ಪತ್ತೈದು ವ್ಯಾಟಿನ ಬಾಗಿಲು

ಗೋಕಾಕ ಜಲಪಾತದ ಎತ್ತರ 52 ಮೀಟರ್. ಮಳೆಗಾಲದಲ್ಲಿ ಘಟಪ್ರಭೆ ಅಲ್ಲಿ ಕೆಂಪಗೆ ಭೋರ್ಗರೆಯುವುದನ್ನು ಕಂಡವರಿಗೆ ಈಗ ನಾನು ಹೇಳುವ ಲೆಕ್ಕ ತೀರಾ ಬಡಕಲಾಗಿ ಕಾಣಬಹುದು. ಆ ಎತ್ತರದಿಂದ ಸೆಕೆಂಡಿಗೆ ಒಂದು ಸಣ್ಣ ಲೋಟದಷ್ಟು, ಅಂದರೆ 150 ಮಿಲಿಲೀಟರ್ ನೀರು ಮಾತ್ರ ಬೀಳುತ್ತಿದೆ ಎಂದುಕೊಳ್ಳಿ. ನೀರಿನ ತೂಕ 0.15 ಕೆ.ಜಿ., ಗುರುತ್ವ 9.8, ಎತ್ತರ 52. ಮೂರನ್ನೂ ಗುಣಿಸಿದರೆ 76. ಸೋರಿಕೆ, ತಿಕ್ಕಾಟ ಏನೂ ಇಲ್ಲದ ಟರ್ಬೈನೊಂದಿದ್ದರೆ ಆ ಒಂದು ಲೋಟ ನೀರಿನಿಂದ ಸಿಗುವುದು ಸುಮಾರು 75 ವ್ಯಾಟ್. ಕಂಪ್ಯೂಟರಿನ ಮದರ್‌ಬೋರ್ಡ್ ತನ್ನ ಸ್ಲಾಟಿನಲ್ಲಿ ಕೂತ ಗ್ರಾಫಿಕ್ಸ್ ಕಾರ್ಡಿಗೆ ಕೊಡಬಹುದಾದ ಗರಿಷ್ಠ ವಿದ್ಯುತ್ತೂ ಇಷ್ಟೇ. ಕಡಿಮೆ ದುಡ್ಡಿನಲ್ಲಿ ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿಸಹೊರಟವರ ಕಥೆ ಮುಕ್ಕಾಲು ಪಾಲು ಈ ಲೋಟದೊಳಗೇ ಮುಗಿಯುತ್ತದೆ.

ವ್ಯಾಟಿನ ಮಾತನ್ನು ಗೋಕಾಕದಿಂದ ಶುರುಮಾಡಲು ಕಾರಣವಿದೆ. 1885ರಲ್ಲಿ ಹುಟ್ಟಿದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ತನ್ನ ಹೆಸರಿನಲ್ಲೇ ನೀರಿನ ಬಲವನ್ನು ಇಟ್ಟುಕೊಂಡಿತ್ತು. ಅದರ ನೂಲಿನ ಗಿರಣಿ ಜಲಪಾತದ ಮಗ್ಗುಲಲ್ಲೇ ಎದ್ದಿತು. 1887ರಲ್ಲೇ ಇಲ್ಲಿ ವಿದ್ಯುತ್ ತೆಗೆದರೆಂದು ಬೆಳಗಾವಿ ಜಿಲ್ಲೆಯ ಪರಿಚಯ ಬರೆಯುವವರೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಆಮೇಲೆ, 1902ರಲ್ಲಿ. ಪಕ್ಕದ ಹುಕ್ಕೇರಿಯದು ಇನ್ನೊಂದು ಬಗೆಯ ಹೆಚ್ಚುಗಾರಿಕೆ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳನ್ನು ಕಟ್ಟಿದಾಗ ಅವುಗಳಲ್ಲೊಂದು ಹುಕ್ಕೇರಿಗೆ ಬಂತು. ಇಂದಿಗೂ ಆ ತಾಲ್ಲೂಕಿನ ಮನೆಗಳಿಗೆ ಕರೆಂಟು ಹಂಚುವುದು ಸಂಘವೇ. ಗೋಕಾಕ, ಮೂಡಲಗಿಯವರ ಬಿಲ್ಲು ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂನಿಂದ ಬಂದರೆ ಹುಕ್ಕೇರಿಯವರದು ಸಂಘದಿಂದ. ಸಂಘದ ಆಡಳಿತ ಮಂಡಳಿಗೆ ಚುನಾವಣೆ ಬಂತೆಂದರೆ ಅದರ ಕಾವು ಯಾವ ವಿಧಾನಸಭೆ ಚುನಾವಣೆಗೂ ಕಡಿಮೆಯಲ್ಲ. ಕರೆಂಟಿನ ಬಗ್ಗೆ ಇಷ್ಟು ಮಾತು, ಇಷ್ಟು ರಾಜಕೀಯ ಇರುವ ಸೀಮೆಯಲ್ಲೂ ಕಂಪ್ಯೂಟರ್ ಅಂಗಡಿಗೆ ಬಂದವರು ಮಾತ್ರ ಕರೆಂಟಿನ ವಿಷಯ ಎತ್ತುವುದೇ ಇಲ್ಲ.

“ಅಣ್ಣಾರ, ಇದಕ್ಕೊಂದು 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಜಿಟಿಎ ಫೈವ್ ಓಡತೈತೇನ್ರಿ?” ಎಂದು ಹುಡುಗ ಕೇಳುತ್ತಾನೆ. ಅಂಗಡಿಯವನು ಅನುಭವಸ್ಥನಾದರೆ, “ಓಡತೈತಿ ತಮ್ಮಾ. ಮೊದ್ಲ ಡಬ್ಬಿ ಬಿಚ್ಚು, ಎಸ್‌ಎಂಪಿಎಸ್ ಯಾವ್ದೈತಿ ನೋಡೂಣು” ಎನ್ನುತ್ತಾನೆ. ಅವಸರದವನಾದರೆ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಕಾರ್ಡನ್ನು ತೆಗೆದುಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸವೇ ಈ ಅಧ್ಯಾಯ.

ಆ ಡಬ್ಬಿ ಸಾಮಾನ್ಯವಾಗಿ ಎಂಥದ್ದು? ಕಂಪನಿಯಿಂದಲೇ ಜೋಡಣೆಯಾಗಿ ಬಂದ ಬ್ರಾಂಡೆಡ್ ಕಂಪ್ಯೂಟರ್. ಕೆಲವರ ಮನೆಯಲ್ಲಿ ನಾಲ್ಕೈದು ವರ್ಷದ ಹಿಂದೆ ಕೊಂಡ ‘ಗೇಮಿಂಗ್’ ಹೆಸರಿನ ಮಾದರಿ ಇರುತ್ತದೆ. ಹೆಚ್ಚಿನವರದು ಬೆಂಗಳೂರು, ಪುಣೆಯ ಕಚೇರಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಯಂತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಬೇಕೆಂದರೆ ಇಂಟೆಲ್ಲಿನ ಎಂಟನೇ ಪೀಳಿಗೆ ಅಥವಾ ಅದರ ಮುಂದಿನ ಪ್ರೊಸೆಸರ್ ಇರಬೇಕು. ಹೀಗಾಗಿ ಆರನೇ, ಏಳನೇ ಪೀಳಿಗೆಯ ಗಟ್ಟಿಮುಟ್ಟಾದ ಯಂತ್ರಗಳು ಕಚೇರಿಗಳಿಂದ ಹೊರಬಿದ್ದು ಸೆಕೆಂಡ್ ಹ್ಯಾಂಡ್ ಪೇಟೆ ಸೇರಿವೆ. ಕಾಲೇಜು ಹುಡುಗನಿಗೆ ಇದು ಲಾಭವೇ. ಆದರೆ ಆ ಯಂತ್ರಗಳನ್ನು ಮಾಡಿದ್ದು ಎಕ್ಸೆಲ್ ತೆರೆಯುವುದಕ್ಕೆ. ಅವುಗಳ ಹೊಟ್ಟೆಯಲ್ಲಿದ್ದು ಉಳಿದ ಭಾಗಗಳಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಸಾಮಾನ್ಯವಾಗಿ 180 ಅಥವಾ 240 ವ್ಯಾಟಿನದು.

ಮೊದಲು, ಕಾರ್ಡಿಗೆ ಅಷ್ಟು ವಿದ್ಯುತ್ ಏಕೆ ಬೇಕು ಎಂಬುದನ್ನು ನೋಡೋಣ. ಫುಲ್ ಎಚ್‌ಡಿ ಪರದೆಯ ಮೇಲೆ ಅಡ್ಡ 1920, ಉದ್ದ 1080, ಒಟ್ಟು 20,73,600 ಚುಕ್ಕಿಗಳಿವೆ. ಆಟ ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷ ಸಲ ಒಂದೊಂದು ಚುಕ್ಕಿಯ ಬಣ್ಣ ನಿರ್ಧಾರವಾಗಬೇಕು. ಆಟದ ಲೋಕವೆಲ್ಲ ತ್ರಿಕೋನಗಳಿಂದ ಕಟ್ಟಿದ್ದು. ಯಾವ ತ್ರಿಕೋನ ಈ ಚುಕ್ಕಿಯ ಮುಂದೆ ಬರುತ್ತದೆ, ಅದರ ಮೈಮೇಲೆ ಯಾವ ಚಿತ್ರ ಹೊದಿಸಿದೆ, ಬೆಳಕು ಯಾವ ಕೋನದಿಂದ ಬೀಳುತ್ತಿದೆ, ನೆರಳಿದೆಯೇ, ಮಂಜಿದೆಯೇ ಎಂದು ಪ್ರತಿ ಚುಕ್ಕಿಗೂ ನೂರಾರು ಗುಣಾಕಾರ, ಸಂಕಲನ ನಡೆಯುತ್ತವೆ. ಈ ಲೆಕ್ಕಗಳ ವಿಶೇಷವೆಂದರೆ ಒಂದು ಚುಕ್ಕಿಯ ಉತ್ತರಕ್ಕೆ ಪಕ್ಕದ ಚುಕ್ಕಿ ಕಾಯಬೇಕಾಗಿಲ್ಲ. ಆದ್ದರಿಂದ ನಾಲ್ಕಾರು ಬುದ್ಧಿವಂತ ಕೋರ್‌ಗಳಿಗಿಂತ ಸಾವಿರಾರು ಸರಳ ಕೋರ್‌ಗಳು ಒಟ್ಟಿಗೆ ದುಡಿಯುವುದೇ ಇಲ್ಲಿ ಲೇಸು. ಎನ್‌ವಿಡಿಯಾ ಚಿಪ್ಪುಗಳಲ್ಲಿ 32 ಲೆಕ್ಕಗಳ ಒಂದೊಂದು ತಂಡಕ್ಕೆ ಒಂದೇ ಆಜ್ಞೆ ಹೋಗುತ್ತದೆ. ಮೂವತ್ತೆರಡೂ ಬೇರೆ ಬೇರೆ ಅಂಕಿಗಳ ಮೇಲೆ ಅದೇ ಗಣಿತ ಮಾಡುತ್ತವೆ.

ಪ್ರತಿ ಲೆಕ್ಕಕ್ಕೂ ಚಿಪ್ಪಿನೊಳಗೆ ಸಾವಿರಾರು ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುತ್ತವೆ. ಪ್ರತಿ ಸಲವೂ ಚೂರು ವಿದ್ಯುದಾವೇಶ ತುಂಬಿ ಖಾಲಿಯಾಗುತ್ತದೆ, ಆ ಚೂರು ಶಾಖವಾಗುತ್ತದೆ. ಒಟ್ಟು ಖರ್ಚು ವೋಲ್ಟೇಜಿನ ವರ್ಗವನ್ನು ಗಡಿಯಾರದ ವೇಗದಿಂದ ಗುಣಿಸಿದಷ್ಟರ ಪ್ರಮಾಣದಲ್ಲಿರುತ್ತದೆ. ‘ವರ್ಗ’ ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ದುಡ್ಡು ಉಳಿಸಲು ಅದು ಬೇಕು.

ಈಗ ಸ್ಲಾಟಿಗೆ ಬರೋಣ. ಕಾರ್ಡನ್ನು ಕೈಯಲ್ಲಿ ಹಿಡಿದು ಅದರ ಕೆಳಗಿನ ಬಂಗಾರದ ಬಣ್ಣದ ಅಂಚನ್ನು ನೋಡಿದರೆ ಒಂದು ಕಡೆ ಸಣ್ಣ ಸೀಳು ಕಾಣುತ್ತದೆ. ಸೀಳಿನ ಆಚೆಗಿರುವ ಉದ್ದನೆಯ ಭಾಗವೆಲ್ಲ ಮಾಹಿತಿಯ ದಾರಿ. ಈಚೆಗಿರುವ ಗಿಡ್ಡ ಭಾಗದಲ್ಲಿ, ಎರಡೂ ಮೈ ಸೇರಿ, 12 ವೋಲ್ಟ್ ತರುವ ಪಟ್ಟಿಗಳು ಐದೇ ಐದು. ಒಂದೊಂದು ಪಟ್ಟಿ 1.1 ಆಂಪಿಯರ್ ಹೊರಬಹುದೆಂದು ನಿಯಮ. ಐದಕ್ಕೆ 5.5 ಆಂಪಿಯರ್, ಅಂದರೆ 66 ವ್ಯಾಟ್. 3.3 ವೋಲ್ಟಿನ ದಾರಿಯಿಂದ ಇನ್ನೊಂದು 9.9 ವ್ಯಾಟ್. ಎರಡೂ ಸೇರಿ 75ರ ಗಡಿ. ಅದು ಮಾರುಕಟ್ಟೆಯ ಹುನ್ನಾರವಲ್ಲ, ಬೆರಳ ಉಗುರಿಗಿಂತ ಚಿಕ್ಕದಾದ ಐದು ತಾಮ್ರದ ಪಟ್ಟಿಗಳ ಸಹನೆಯ ಮಿತಿ. 2016ರ ಜೂನ್ ಕೊನೆಗೆ ಎಎಂಡಿ ತನ್ನ ಆರ್‌ಎಕ್ಸ್ 480 ಕಾರ್ಡ್ ಬಿಡುಗಡೆ ಮಾಡಿದಾಗ ಅದು ಸ್ಲಾಟಿನಿಂದ 75ಕ್ಕಿಂತ ಹೆಚ್ಚು ಎಳೆಯುತ್ತಿರುವುದನ್ನು ಪರೀಕ್ಷಕರು ಅಳೆದು ತೋರಿಸಿದರು. ದೊಡ್ಡ ಗುಲ್ಲಾಯಿತು. ಜುಲೈನಲ್ಲಿ ಕಂಪನಿ ಹೊಸ ಡ್ರೈವರ್ ಕಳಿಸಿ, ಕಾರ್ಡ್ ಸ್ಲಾಟಿನ ಬದಲು ತನ್ನ ಪ್ರತ್ಯೇಕ ಕೇಬಲ್ಲಿನಿಂದ ಹೆಚ್ಚು ಎಳೆಯುವಂತೆ ತಿದ್ದಬೇಕಾಯಿತು.

ಆ ಪ್ರತ್ಯೇಕ ಕೇಬಲ್ಲೇ ಎರಡನೇ ಬಾಗಿಲು. ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ 6 ಪಿನ್ನಿನ ಕೇಬಲ್ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಕಚೇರಿಯ ಯಂತ್ರಗಳಲ್ಲಿ ಈ ಕೇಬಲ್ಲುಗಳೇ ಇರುವುದಿಲ್ಲ. ಇಲ್ಲದ್ದನ್ನು ಹೊಂದಿಸಲು ಅಗ್ಗದ ಕನ್ವರ್ಟರ್ ಸಿಗುತ್ತದೆ: ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರ್ ತುದಿಯನ್ನು 6 ಪಿನ್ ಮಾಡುವಂಥದ್ದು. ಇದನ್ನು ದಯವಿಟ್ಟು ಬಳಸಬೇಡಿ. ಸಾಟಾ ತುದಿಯಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ತಲಾ 1.5 ಆಂಪಿಯರ್, ಅದರ ಯೋಗ್ಯತೆ 54 ವ್ಯಾಟ್. ಕಾರ್ಡ್ 75 ಕೇಳಿದಾಗ ಆ ತೆಳು ಪಿನ್ನುಗಳ ಸಂಪರ್ಕದಲ್ಲಿ ಶಾಖ ಕರೆಂಟಿನ ವರ್ಗದಂತೆ ಏರುತ್ತದೆ. ಪ್ಲಾಸ್ಟಿಕ್ ಕಂದಾಗುತ್ತದೆ, ಆಮೇಲೆ ಕರಗುತ್ತದೆ.

ಹಾಗಾದರೆ ಎಸ್‌ಎಂಪಿಎಸ್ಸನ್ನೇ ಬದಲಾಯಿಸಬಾರದೇ? ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಬದಲಾಯಿಸಬಹುದು. ಬ್ರಾಂಡೆಡ್ ಯಂತ್ರದಲ್ಲಿ ತಕರಾರು ಶುರುವಾಗುತ್ತದೆ. ಎಲ್ಲ ಕಡೆ ಮದರ್‌ಬೋರ್ಡಿಗೆ 24 ಪಿನ್ ಇದ್ದರೆ ಡೆಲ್‌ನ ಅನೇಕ ಮಾದರಿಗಳಲ್ಲಿ ಅದರದೇ ಆದ 8 ಪಿನ್. ಡಬ್ಬಿಯ ಆಕಾರವೂ ಬೇರೆ. ಬದಲಿಸಲು ಸಾಧ್ಯವಿದ್ದರೂ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ, ಮೇಲೆ ದೊಡ್ಡದಾಗಿ ‘450’ ಎಂದು ಅಚ್ಚು ಹಾಕಿದ ಹೆಸರಿಲ್ಲದ ಎಸ್‌ಎಂಪಿಎಸ್ ಮಾತ್ರ ಬೇಡ. ಅದರ ಮೈಮೇಲಿನ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ. 16 ಎಂದಿದ್ದರೆ 16×12, ಅಂದರೆ ನಿಮ್ಮ ಪ್ರೊಸೆಸರಿಗೂ ಕಾರ್ಡಿಗೂ ಸೇರಿ ಸಿಗುವುದು 192 ವ್ಯಾಟ್. ಉಳಿದದ್ದು ಈ ಕಾಲದ ಕಂಪ್ಯೂಟರ್ ಹೆಚ್ಚು ಬಳಸದ 5 ಮತ್ತು 3.3 ವೋಲ್ಟಿನ ಲೆಕ್ಕ, ಇಲ್ಲವೇ ಬರೀ ಬಾಯಿಮಾತು. ಜೊತೆಗೆ ದೊಡ್ಡ ಕಾರ್ಡುಗಳು ಕಣ್ಣುಮಿಟುಕಿಸುವುದರೊಳಗೆ ತಮ್ಮ ಸರಾಸರಿಯ ಎರಡು ಪಟ್ಟು ಎಳೆದುಬಿಡುತ್ತವೆ. 2022ರ ಎಟಿಎಕ್ಸ್ 3.0 ನಿಯಮದಲ್ಲಿ, ದೊಡ್ಡ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ದುಪ್ಪಟ್ಟನ್ನು 100 ಮೈಕ್ರೋಸೆಕೆಂಡು ತಾಳಿಕೊಳ್ಳಬೇಕೆಂದು ಬರೆದದ್ದು ಇದಕ್ಕಾಗಿಯೇ. ಹಳೆಯ ಸಣ್ಣ ಡಬ್ಬಿಗೆ ಆ ತಾಳ್ಮೆ ಇರುವುದಿಲ್ಲ. ಆಟ ರಂಗೇರಿದಾಗ ಕಂಪ್ಯೂಟರ್ ಟಕ್ಕನೆ ಆಫ್ ಆಗುವುದು ಹೀಗೆ.

ಎಸ್‌ಎಂಪಿಎಸ್‌ನ ಆಚೆ ಬದಿಗೆ ನಮ್ಮ ಊರಿನ ಕರೆಂಟಿದೆ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಬಿಡುವುದು ದಿನಕ್ಕೆ 7 ಗಂಟೆ ಎಂಬುದು ಸರ್ಕಾರದ ಲೆಕ್ಕ. ಕಬ್ಬಿನ ಹೊಲಗಳ ನಡುವಿನ ಹಳ್ಳಿಯಲ್ಲಿ ಆ ಹೊತ್ತಿಗೆ ಎಲ್ಲ ಮೋಟಾರುಗಳೂ ಒಟ್ಟಿಗೆ ಚಾಲೂ ಆದರೆ ಮನೆಯ ವೋಲ್ಟೇಜ್ ಕುಸಿಯುತ್ತದೆ. ಹಳೆಯ ಕಾಲದ ಬಲ್ಬು ವೋಲ್ಟೇಜ್ ಇಳಿದರೆ ತಾನೂ ಮಂಕಾಗಿ ಕಡಿಮೆ ಕರೆಂಟು ಉಣ್ಣುತ್ತಿತ್ತು. ಎಸ್‌ಎಂಪಿಎಸ್ ಹಾಗಲ್ಲ. ಅದು 230 ವೋಲ್ಟಿನ ಏರಿಳಿವ ಕರೆಂಟನ್ನು ಮೊದಲು 325 ವೋಲ್ಟಿನ ಆಸುಪಾಸಿನ ಏಕಮುಖ ಕರೆಂಟು ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟಿಗೆ ಇಳಿಸುತ್ತದೆ. ಹೊರಗೆ ವೋಲ್ಟೇಜ್ ಕಡಿಮೆಯಾದರೆ ಹೆಚ್ಚು ಹೊತ್ತು ತೆರೆದಿಟ್ಟು ಹೆಚ್ಚು ಕರೆಂಟು ಎಳೆದು ಲೆಕ್ಕ ಸರಿದೂಗಿಸುತ್ತದೆ. 240 ಇದ್ದದ್ದು 180 ಆದರೆ ಕರೆಂಟು ಮೂರರಲ್ಲೊಂದು ಪಾಲು ಹೆಚ್ಚುತ್ತದೆ, ಒಳಗಿನ ತಂತಿ ಮತ್ತು ಸ್ವಿಚ್ಚುಗಳ ಶಾಖ ಮುಕ್ಕಾಲು ಪಟ್ಟಿಗಿಂತ ಹೆಚ್ಚು ಏರುತ್ತದೆ. ಅಂದರೆ ಊರಿನಲ್ಲಿ ಕರೆಂಟು ಬಡವಾದಾಗಲೇ ಕಂಪ್ಯೂಟರಿನ ಬೇಡಿಕೆ ದೊಡ್ಡದಾಗುತ್ತದೆ. ಬೆಂಗಳೂರಿನ ಯೂಟ್ಯೂಬಿಗರು “300 ವ್ಯಾಟ್ ಸಾಕು” ಎಂದಾಗ ಮೂಡಲಗಿಯವರು 60–70 ವ್ಯಾಟ್ ಸೇರಿಸಿಕೊಂಡೇ ಕೇಳಿಸಿಕೊಳ್ಳುವುದು ಒಳ್ಳೆಯದು.

ಯುಪಿಎಸ್ಸಿನ ಮೇಲೆ ಬರೆದ ಅಂಕಿಯೂ ಇಂಥದ್ದೇ. ‘600’ ಎಂದಿರುವುದು ವೋಲ್ಟ್-ಆಂಪಿಯರ್; ವ್ಯಾಟಿನಲ್ಲಿ ಅದು ಸಾಮಾನ್ಯವಾಗಿ 360. ಮನೆಯ ಇನ್ವರ್ಟರ್ ಚೌಕದ ಅಲೆಯದಾಗಿದ್ದರೆ ಒಳ್ಳೆಯ ದರ್ಜೆಯ ಕೆಲವು ಎಸ್‌ಎಂಪಿಎಸ್‌ಗಳು ಅದರ ಮೇಲೆ ಓಡಲು ಒಪ್ಪುವುದೇ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಐದು ಪಟ್ಟಿಗಳ ಬಾಗಿಲಲ್ಲೇ ಉಳಿಯುವುದು ಜಾಣತನವೆಂದು ಅನ್ನಿಸಿದರೆ ಒಳ್ಳೆಯದೇ. ಯಾಕೆಂದರೆ ಆ ಬಾಗಿಲಲ್ಲಿ ಈಗ ಹಾಯುವ ಸರಕು ಹಿಂದಿನದಲ್ಲ. 2010ರ ಕೊನೆಗೆ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 580 ಕಾರ್ಡ್ ಆ ಕಾಲದ ದೊರೆ. 244 ವ್ಯಾಟ್ ಉಂಡು ಸೆಕೆಂಡಿಗೆ ಒಂದೂವರೆ ಲಕ್ಷ ಕೋಟಿ ಲೆಕ್ಕ ಮಾಡುತ್ತಿತ್ತು. 2014ರಲ್ಲಿ ಜಿಟಿಎಕ್ಸ್ 750 ಟಿಐ ಬರೀ 60 ವ್ಯಾಟಿನಲ್ಲಿ ಅದರ ಹತ್ತಿರಕ್ಕೆ ಬಂತು. ಕಚೇರಿ ಯಂತ್ರಕ್ಕೆ ಕೇಬಲ್ಲಿಲ್ಲದ ಕಾರ್ಡ್ ಹಾಕಿ ಆಟ ಆಡುವ ಚಾಳಿ ಲೋಕದಾದ್ಯಂತ ಹಬ್ಬಿದ್ದು ಅದರಿಂದ. 2019ರ ಜಿಟಿಎಕ್ಸ್ 1650 75 ವ್ಯಾಟಿನಲ್ಲಿ ಮೂರು ಲಕ್ಷ ಕೋಟಿ ಮುಟ್ಟಿತು. 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟಿನಲ್ಲಿ 2304 ಕೋರ್‌ಗಳನ್ನು ಓಡಿಸಿ ಆರೂವರೆ ಲಕ್ಷ ಕೋಟಿ ದಾಟುತ್ತದೆ. ಒಂದು ವ್ಯಾಟಿಗೆ ಸಿಗುವ ಲೆಕ್ಕ ಹದಿನಾಲ್ಕು ವರ್ಷದಲ್ಲಿ ಸುಮಾರು ಹದಿನೈದು ಪಟ್ಟಾಗಿದೆ. ಟ್ರಾನ್ಸಿಸ್ಟರ್ ಕುಗ್ಗಿದಂತೆ ಪ್ರತಿ ತೆರೆ-ಮುಚ್ಚಿಗೆ ಬೇಕಾದ ವಿದ್ಯುದಾವೇಶ ಕುಗ್ಗುವುದೇ ಇದರ ಗುಟ್ಟು. ಹುಡುಗ ಕೇಳಿದ ಜಿಟಿಎ ಫೈವ್ 2015ರಲ್ಲಿ ಪಿಸಿಗೆ ಬಂದಾಗ ತಯಾರಕರು ಶಿಫಾರಸು ಮಾಡಿದ್ದು 2 ಜಿಬಿಯ ಜಿಟಿಎಕ್ಸ್ 660. ಅದಕ್ಕೆ 6 ಪಿನ್ ಕೇಬಲ್ ಬೇಕಿತ್ತು. ಇಂದು ಕೇಬಲ್ಲೇ ಇಲ್ಲದ ಕಾರ್ಡ್ ಅದನ್ನು ಮೀರಿಸಿ ಕೂತಿದೆ.

ನನ್ನ ಅಭಿಪ್ರಾಯ ಕೇಳಿದರೆ, 240 ವ್ಯಾಟಿನ ಕಚೇರಿ ಯಂತ್ರಕ್ಕೆ ಹೊಸದು ಕೊಳ್ಳುವವರಿಗೆ ಈ 6 ಜಿಬಿ 3050, ಹಳೆಯದು ಸಾಕೆನ್ನುವವರಿಗೆ ಕೇಬಲ್ ಬೇಡದ ಜಿಟಿಎಕ್ಸ್ 1650. ಪ್ರೊಸೆಸರಿಗೆ 65, ಕಾರ್ಡಿಗೆ 75, ಬೋರ್ಡು, ರ್‍ಯಾಮ್, ಡಿಸ್ಕಿಗೆಲ್ಲ 30 ಎಂದರೂ 170ರಲ್ಲಿ ಮುಗಿಯುತ್ತದೆ. 180 ವ್ಯಾಟಿನ ಗಿಡ್ಡ ಡಬ್ಬಿಯಾದರೆ ಇದು ಹತ್ತಿರದ ಪೈಪೋಟಿ. ಅಂಥ ಕೆಲವು ಮಾದರಿಗಳಲ್ಲಿ ಸ್ಲಾಟು ಪೂರ್ತಿ 75 ಕೊಡುವುದೂ ಇಲ್ಲ. ಕೊಳ್ಳುವ ಮೊದಲು ಕಂಪನಿಯ ಮ್ಯಾನುಯಲ್ ತೆರೆಯಿರಿ. ಗಿಡ್ಡ ಡಬ್ಬಿಗಳಿಗೆ ಅರ್ಧ ಎತ್ತರದ, ಲೋ ಪ್ರೊಫೈಲ್ ಕಾರ್ಡೇ ಬೇಕು. ಬೆಲೆಯನ್ನು ಪುಸ್ತಕದಲ್ಲಿ ಅಚ್ಚು ಹಾಕುವುದರಲ್ಲಿ ಅರ್ಥವಿಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚತೊಡಗಿದ ಮೇಲೆ ದರಗಳು ತಿಂಗಳಿಗೊಂದು ಬಣ್ಣ ತಿರುಗಿವೆ.

ಆದರೆ ಹೆಸರಿನ ಮೋಸಗಳು ಬೇಗ ಹಳೆಯದಾಗುವುದಿಲ್ಲ. ‘3050’ ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. 8 ಜಿಬಿಯದು 130 ವ್ಯಾಟ್ ಉಣ್ಣುತ್ತದೆ, ಕೇಬಲ್ ಕೇಳುತ್ತದೆ. ಜಿಟಿ 1030ರದ್ದು ಇನ್ನೂ ಬೇಸರದ ಕಥೆ. 2017ರಲ್ಲಿ ಬಂದದ್ದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿ ಮಾರಿದ್ದು 17 ಜಿಬಿಯನ್ನೂ ಮುಟ್ಟುವುದಿಲ್ಲ. ನಮ್ಮ ಅಂಗಡಿಗಳಲ್ಲಿ ‘4 ಜಿಬಿ’ ಎಂಬ ದೊಡ್ಡ ಅಕ್ಷರದೊಂದಿಗೆ ಇಂದಿಗೂ ಸಿಗುವ ಜಿಟಿ 730, ರೈಜನ್ 5600ಜಿ ಪ್ರೊಸೆಸರಿನ ಒಳಗೇ ಬರುವ ಗ್ರಾಫಿಕ್ಸಿನ ಅರ್ಧ ಬಲವನ್ನೂ ಹೊಂದಿಲ್ಲ. ಗೋದಾಮು ಎಷ್ಟು ದೊಡ್ಡದೆಂದು ಕೇಳುವ ಗಿರಾಕಿ ಬಾಗಿಲು ಎಷ್ಟು ಅಗಲವೆಂದು ಕೇಳುವುದಿಲ್ಲ ಎಂಬುದು ಕಂಪನಿಗಳಿಗೆ ಗೊತ್ತು.

ಇನ್ನೊಂದು ಬಾಗಿಲು ಕಾರ್ಡು ಮತ್ತು ಮದರ್‌ಬೋರ್ಡಿನ ನಡುವಿನದು. ಎಎಂಡಿಯ ಆರ್‌ಎಕ್ಸ್ 6400 ಕಾರ್ಡಿನ ಖರ್ಚು ಕೇವಲ 53 ವ್ಯಾಟ್. ಕಾಗದದ ಮೇಲೆ ನಮಗೆಂದೇ ಮಾಡಿಸಿದಂತಿದೆ. ಆದರೆ ಅದು ಬಳಸುವುದು ಮಾಹಿತಿ ಹಾಯುವ ನಾಲ್ಕೇ ದಾರಿ, ಅಂದರೆ ಲೇನ್. ಹೊಸ ಬೋರ್ಡಿನಲ್ಲಿ ಪರವಾಗಿಲ್ಲ. ಏಳನೇ ಪೀಳಿಗೆಯ ಹಳೆಯ ಬೋರ್ಡಿನಲ್ಲಿ ಆ ನಾಲ್ಕು ಲೇನುಗಳಿಂದ ಸೆಕೆಂಡಿಗೆ 4 ಜಿಬಿಯಷ್ಟೇ ಹರಿಯುತ್ತದೆ. ಕಾರ್ಡಿನ ಸ್ವಂತ ಮೆಮೊರಿಯ ವೇಗ 128 ಜಿಬಿ. ಆಟ ಕಾರ್ಡಿನ 4 ಜಿಬಿ ಮೆಮೊರಿ ತುಂಬಿ ತುಳುಕಿದ ಕೂಡಲೇ ಚಿತ್ರಗಳು ಆ ಕಿರುದಾರಿಯಲ್ಲಿ ಬರಬೇಕು, ಪರದೆ ಜರ್ಕು ಹೊಡೆಯುತ್ತದೆ. ಅದರಲ್ಲಿ ವಿಡಿಯೊ ಎನ್‌ಕೋಡರ್ ಕೂಡ ಇಲ್ಲ. ಹಗಲು ಮದುವೆ ವಿಡಿಯೊ ಎಡಿಟ್ ಮಾಡಿ ರಾತ್ರಿ ಆಟ ಆಡುವ ಸ್ಟುಡಿಯೊ ಹುಡುಗರು ಇದನ್ನು ಕೊಂಡರೆ ಹಗಲಿನ ಕೆಲಸಕ್ಕೆ ಕಲ್ಲು ಬೀಳುತ್ತದೆ. ಇಂಟೆಲ್ ಆರ್ಕ್ ಎ380ರಲ್ಲಿ ಎನ್‌ಕೋಡರ್ ಚೆನ್ನಾಗಿದೆ, 75 ವ್ಯಾಟಿನೊಳಗೂ ಇದೆ. ಆದರೆ ಪ್ರೊಸೆಸರು ಕಾರ್ಡಿನ ಮೆಮೊರಿಯನ್ನು ಒಟ್ಟಿಗೇ ನೋಡಲು ಬಿಡುವ ‘ರೀಸೈಜಬಲ್ ಬಾರ್’ ಸೌಲಭ್ಯವಿಲ್ಲದ ಹಳೆಯ ಬೋರ್ಡಿನಲ್ಲಿ ಅದು ಆಟಕ್ಕೆ ಕುಂಟುತ್ತದೆ.

ಆಟ ತಡವರಿಸುವುದಕ್ಕೆ ಕಾರ್ಡೇ ತಪ್ಪಿತಸ್ಥನೋ ಎಂದು ಮೊದಲು ವಿಚಾರಿಸಬೇಕಲ್ಲ. ಈಗಾಗಲೇ ಯಾವುದೋ ಕಾರ್ಡ್ ಇರುವ ಗೇಮಿಂಗ್ ಯಂತ್ರವಾದರೆ ಸುಲಭದ ಪರೀಕ್ಷೆಯೊಂದಿದೆ. ಆಟದ ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ. ಚುಕ್ಕಿಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಫ್ರೇಮುಗಳು ದಡದಡ ಏರಿದರೆ ಕಾರ್ಡಿಗೆ ಭಾರವಾಗಿತ್ತೆಂದು ಅರ್ಥ, ಬದಲಾಯಿಸಿ. ಕದಲದೇ ಹೋದರೆ ಪ್ರೊಸೆಸರ್ ಅಥವಾ ರ್‍ಯಾಮ್ ಕೈಕೊಡುತ್ತಿದೆ. ಎಷ್ಟು ದೊಡ್ಡ ಕಾರ್ಡ್ ತಂದರೂ ಅದು ಕೈಕಟ್ಟಿ ಕೂರುತ್ತದೆ. ಕಚೇರಿ ಯಂತ್ರಗಳಲ್ಲಿ 8 ಜಿಬಿಯ ಒಂದೇ ರ್‍ಯಾಮ್ ಕಡ್ಡಿ ಇರುವುದು ಮಾಮೂಲು. ಅಂಥದೇ ಇನ್ನೊಂದು ಕಡ್ಡಿ ಜೋಡಿಸಿದರೆ ಎರಡು ಚಾನೆಲ್ಲುಗಳೂ ತೆರೆದುಕೊಳ್ಳುತ್ತವೆ. ಎಷ್ಟೋ ಸಲ ಆ ಸಣ್ಣ ಖರ್ಚಿಗೇ ಆಟ ಹಿಡಿತಕ್ಕೆ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ನಮ್ಮ ಕಡೆಯವರು ಬೆಳಗಾವಿಗೋ, ಸಂಕೇಶ್ವರದ ಮೇಲಿಂದ ಹೆದ್ದಾರಿ ಹಿಡಿದು ಕೊಲ್ಲಾಪುರಕ್ಕೋ ಹೋಗುವುದುಂಟು. 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡುಗಳ ಲೆಕ್ಕದ ಮೇಲೆ ನಡೆಯುತ್ತಿದ್ದ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ತನ್ನ ಪದ್ಧತಿ ಬದಲಿಸಿ ಆ ಕಾರ್ಡುಗಳಿಗೆ ಏಕಾಏಕಿ ಕೆಲಸವಿಲ್ಲದಂತೆ ಮಾಡಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಪೇಟೆಗೆ ಬಂದವು. ದುಡಿದ ಮಾತ್ರಕ್ಕೆ ಚಿಪ್ಪು ಸವೆಯುವುದಿಲ್ಲ. ಸವೆಯುವುದು ಫ್ಯಾನಿನ ಬೇರಿಂಗು, ಒಣಗುವುದು ಥರ್ಮಲ್ ಪೇಸ್ಟು. ಅವೆರಡಕ್ಕೂ ಮದ್ದಿದೆ. ಮದ್ದಿಲ್ಲದ್ದು ವೇಷಧಾರಿಗಳಿಗೆ. ಹತ್ತು ವರ್ಷಕ್ಕೂ ಹಳೆಯ ಜಿಟಿಎಕ್ಸ್ 550 ಟಿಐ ಚಿಪ್ಪಿನ ಬಯಾಸ್ ತಿದ್ದಿ ‘1050 ಟಿಐ, 4 ಜಿಬಿ’ ಎಂದು ತೋರುವಂತೆ ಮಾಡಿ ಮಾರುವವರಿದ್ದಾರೆ. ವಿಂಡೋಸ್ ಆ ಮಾತನ್ನು ನಂಬುತ್ತದೆ. ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ 2018ರಿಂದ ಇಂಥವನ್ನು ಹಿಡಿದು ಹೆಸರಿನ ಮುಂದೆ ‘ಫೇಕ್’ ಎಂದು ಬರೆದು ತೋರಿಸುತ್ತದೆ. ಪೆನ್‌ಡ್ರೈವಿನಲ್ಲಿ ಅದನ್ನು ಒಯ್ಯಿರಿ, ದುಡ್ಡು ಕೊಡುವ ಮುಂಚೆ ಓಡಿಸಿ.

ಕಾರ್ಡ್ ಒಳಹೊಕ್ಕ ಮೇಲೆ ಉಳಿಯುವುದು ಶಾಖ. ಉಂಡ ವ್ಯಾಟೆಲ್ಲ ಶಾಖವಾಗಿಯೇ ಹೊರಬರಬೇಕು. 150 ವ್ಯಾಟ್ ಶಾಖವನ್ನು, ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ ಸಾಗಿಸಲು ಸೆಕೆಂಡಿಗೆ 12 ಲೀಟರ್ ಗಾಳಿ ಡಬ್ಬಿಯ ಮೂಲಕ ಹಾಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ 38ರಲ್ಲಿರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ, ಸಂಕೇಶ್ವರದ ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆಗಳ ಸುತ್ತಮುತ್ತ, ಗಾಳಿಯ ಜೊತೆ ಹೊಲದ ಧೂಳು, ಸಿಪ್ಪೆ ಸುಟ್ಟ ಬೂದಿ ಎಲ್ಲವೂ ಒಳಗೆ ಬರುತ್ತವೆ. ಹೀಟ್‌ಸಿಂಕಿನ ರೆಕ್ಕೆಗಳ ಸಂದಿಯಲ್ಲಿ ಅದು ಕಂಬಳಿಯಂತೆ ಕೂತ ಮೇಲೆ ಕಾರ್ಡ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಮಾಲೀಕ ಕಾರ್ಡ್ ಹಾಳಾಯಿತೆಂದುಕೊಳ್ಳುತ್ತಾನೆ. ಬ್ಲೋವರಿನಿಂದ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ.

ನೆನಪಿಡಿ ಎಂದ ‘ವರ್ಗ’ ಈಗ ಬರುತ್ತದೆ. ಕಂಪನಿಗಳು ಪ್ರತಿ ಚಿಪ್ಪಿಗೂ ಅದರ ಅತಿ ದುರ್ಬಲ ಸೋದರನಿಗೆ ಬೇಕಾಗುವಷ್ಟು ವೋಲ್ಟೇಜ್ ಕೊಟ್ಟಿರುತ್ತವೆ. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಪುಕ್ಕಟೆ ತಂತ್ರಾಂಶದಲ್ಲಿ, ವೇಗ ಹಾಗೇ ಇಟ್ಟು ವೋಲ್ಟೇಜನ್ನು ಶೇ 10 ತಗ್ಗಿಸಿದರೆ ಚಿಪ್ಪಿನ ಖರ್ಚು 0.9ರ ವರ್ಗಕ್ಕೆ, ಅಂದರೆ ಶೇ 81ಕ್ಕೆ ಇಳಿಯುತ್ತದೆ. ಆಟ ನಡುವೆ ನಿಂತುಬಿಟ್ಟರೆ ಚೂರು ಮೇಲಕ್ಕೆ ಒಯ್ದರಾಯಿತು. ದೊಡ್ಡ ಕಾರ್ಡುಗಳವರಿಗೆ ಇದರ ಲಾಭ ಹೆಚ್ಚು. ದಿನಕ್ಕೆ ನಾಲ್ಕು ತಾಸು ಆಡಿದರೆ 200 ವ್ಯಾಟಿನ ಕಾರ್ಡ್ ತಿಂಗಳಿಗೆ 24 ಯೂನಿಟ್ ತಿನ್ನುತ್ತದೆ, 70 ವ್ಯಾಟಿನದು 8.4. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಮನೆಗಳಲ್ಲಿ 200 ಯೂನಿಟ್ಟಿನ ಗೆರೆ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗೆರೆಯ ಹತ್ತಿರವೇ ಇರುವ ದೊಡ್ಡ ಕುಟುಂಬದಲ್ಲಿ ಆ ಹದಿನಾರು ಯೂನಿಟ್ಟಿನ ವ್ಯತ್ಯಾಸ ಮಗನ ಆಟವನ್ನು ಅಪ್ಪನ ಗಮನಕ್ಕೆ ತರುವಷ್ಟಿದೆ.

ಕೊನೆಗೆ ಮಾನಿಟರ್. ಹಳೆಯ ಯಂತ್ರದ ಜೊತೆ ಬಂದದ್ದು ಬಹುಪಾಲು ನೀಲಿ ಬಣ್ಣದ ವಿಜಿಎ ತುದಿಯದು, 1366×768ರದ್ದು. ಇಂದಿನ ಕಾರ್ಡುಗಳಲ್ಲಿ ವಿಜಿಎ ಇರುವುದಿಲ್ಲ. ಕಾರ್ಡಿನಿಂದ ಬರುವುದು ಅಂಕಿಗಳ ಸರಣಿ, ಆ ಮಾನಿಟರಿಗೆ ಬೇಕಾದದ್ದು ಏರಿಳಿಯುವ ವೋಲ್ಟೇಜು. ಬರೀ ಎರಡು ತುದಿ ಜೋಡಿಸಿದ ಕೇಬಲ್ ಸಾಲದು, ಒಳಗೆ ಚಿಪ್ ಇರುವ ಆಕ್ಟಿವ್ ಕನ್ವರ್ಟರೇ ಬೇಕು. ಹಾಗೆಂದು ಕೂಡಲೇ ಹೊಸ ಮಾನಿಟರ್ ಕೊಳ್ಳಬೇಕಿಲ್ಲ. 1366×768 ಎಂದರೆ ಹತ್ತೂವರೆ ಲಕ್ಷ ಚುಕ್ಕಿ, ಫುಲ್ ಎಚ್‌ಡಿಯ ಅರ್ಧ. 1080ರಲ್ಲಿ ಏದುಸಿರು ಬಿಡುವ ಕಾರ್ಡ್ ಇಲ್ಲಿ ಆರಾಮಾಗಿ ಓಡುತ್ತದೆ. ಎಲ್ಲ ಜೋಡಿಸಿ, ಡ್ರೈವರ್ ಹಾಕಿ, ಆಟ ಶುರುಮಾಡಿದ ಮೇಲೂ ಏನೂ ಬದಲಾಗಿಲ್ಲ ಎನಿಸಿದರೆ ಅಂಗಡಿಯವನಿಗೆ ಫೋನ್ ಮಾಡುವ ಮುನ್ನ ಡಬ್ಬಿಯ ಹಿಂದೆ ಬಗ್ಗಿ ನೋಡಿ. ಮಾನಿಟರಿನ ಕೇಬಲ್ ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿನ ತೂತಿಗೇ ಹೋಗಿರುತ್ತದೆ. ಅದನ್ನು ಕಿತ್ತು, ಒಂದು ಗೇಣು ಕೆಳಗೆ, ಅಡ್ಡಲಾಗಿ ಕೂತಿರುವ ಹೊಸ ಕಾರ್ಡಿಗೆ ಚುಚ್ಚಿ.